ಹದಿನಾಲ್ಕು ಸಾವಿರ ಕಿಲೋಮೀಟರಿನ ಲೆಕ್ಕ



ಗದಗ ಜಿಲ್ಲೆಯ ತಾಯಿಯೊಬ್ಬರು ಈ ಅಂಕಣಕ್ಕೆ ಬರೆದ ಪತ್ರವೊಂದು ನನ್ನ ಮುಂದಿದೆ. ಅವರ ಮಗಳು, ಅಳಿಯ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಬರುವ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಈ ತಾಯಿ ಒಬ್ಬರೇ ಹೊರಡಬೇಕಾಗಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ಹೊತ್ತಿನ ಹಾದಿ ಎಂದು ಅವರು ಮೂವರನ್ನು ಕೇಳಿದರಂತೆ. ತಮ್ಮನು ಹದಿನಾರು ಗಂಟೆ ಎಂದನು. ಹಿಂದೆ ಹೋಗಿ ಬಂದಿದ್ದ ನೆರೆಮನೆಯವರು ಇಪ್ಪತ್ನಾಲ್ಕು ಗಂಟೆ ಎಂದರು. ಟಿಕೆಟ್ಟಿನಲ್ಲಿ ನೋಡಿದರೆ ಬೆಳಗಿನ ಜಾವ 3 ಗಂಟೆಗೆ ಹೊರಟು ಅದೇ ದಿನ ಮಧ್ಯಾಹ್ನ 1-30ಕ್ಕೆ ತಲುಪುವುದೆಂದು ಅಚ್ಚಾಗಿದೆ. ಅಂದರೆ ಬರಿಯ ಹತ್ತೂವರೆ ಗಂಟೆ! "ಈ ಮೂವರಲ್ಲಿ ಯಾರ ಮಾತು ಸುಳ್ಳು?" ಎಂದು ಆ ತಾಯಿ ಕೇಳಿದ್ದಾರೆ.

ತಾಯಿ, ಯಾರ ಮಾತೂ ಸುಳ್ಳಲ್ಲ. ಮೂವರೂ ಬೇರೆ ಬೇರೆ ವಸ್ತುವನ್ನು ಅಳೆದು ಹೇಳಿದ್ದಾರೆ. ನಿಮ್ಮ ತಮ್ಮನು ಹೇಳಿದ್ದು ನಡುವೆ ಎಲ್ಲಿಯೂ ಇಳಿಯದ ವಿಮಾನವು ಹಾರುವ ಕಾಲ. ನೆರೆಯವರು ಹೇಳಿದ್ದು ನಡುವೆ ಒಂದು ಕಡೆ ಇಳಿದು ಬೇರೊಂದು ವಿಮಾನ ಹತ್ತಿ ಹೋಗುವ ಪಯಣದ ಕಾಲ. ಟಿಕೆಟ್ಟು ಹೇಳಿದ್ದು ಎರಡು ಊರುಗಳ ಗೋಡೆಗಡಿಯಾರಗಳ ಮಾತು. ಇಂದು ನಮ್ಮ ಎಷ್ಟೋ ಮನೆಗಳ ಒಂದು ಕೊಂಬೆ ಬಳ್ಳಾರಿ, ಬೆಳಗಾವಿ, ದಾವಣಗೆರೆಗಳಲ್ಲಿದ್ದರೆ ಇನ್ನೊಂದು ಕೊಂಬೆ ಅಮೆರಿಕೆಯ ಪಶ್ಚಿಮ ಕರಾವಳಿಯಲ್ಲಿದೆ. ಆದುದರಿಂದ ಈ ದೂರದ ಲೆಕ್ಕವನ್ನು ಮನೆಮಂದಿಯೆಲ್ಲರೂ ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಇದು ಕೇವಲ ಕುತೂಹಲದ ವಿಷಯವಲ್ಲ. ಬಾಣಂತನದ ಸಂತೋಷಕ್ಕೂ, ಸಾವಿನ ದುಃಖಕ್ಕೂ ಈ ಲೆಕ್ಕದ ಗಂಟು ಬಿದ್ದಿದೆ ಎಂಬುದನ್ನು ಲೇಖನದ ಕೊನೆಗೆ ನೋಡುವಿರಿ.

ನೆಲದ ಅಳತೆ

ಮೊದಲು ದೂರವನ್ನು ನೋಡೋಣ. ದೇವನಹಳ್ಳಿಯಲ್ಲಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಿನಲ್ಲಿ ಆರಂಭವಾಯಿತು. ಅದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣವು ಆ ನಗರದ ದಕ್ಷಿಣಕ್ಕೆ, ಕೊಲ್ಲಿಯ ನೀರಿನ ಅಂಚಿನಲ್ಲಿ, ಉತ್ತರದ 37 ಡಿಗ್ರಿ ದಾಟಿದ ಅಕ್ಷಾಂಶದಲ್ಲಿದೆ. ಇವೆರಡರ ನಡುವಿನ ಅತ್ಯಂತ ಕಡಿಮೆಯ ದೂರ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಭೂಮಿಯ ಮೇಲಿನ ಯಾವ ಎರಡು ಊರುಗಳೂ ಅದರ ಅರ್ಧಕ್ಕಿಂತ, ಅಂದರೆ ಸುಮಾರು 20,000 ಕಿಲೋಮೀಟರಿಗಿಂತ ದೂರವಿರಲಾರವು. ಹೀಗಾಗಿ ನಿಮ್ಮ ಮಗಳು ಇರುವುದು ಮನುಷ್ಯನು ಮನುಷ್ಯನಿಂದ ಇರಬಹುದಾದ ಅತಿ ದೂರದ ಹತ್ತರಲ್ಲಿ ಏಳು ಪಾಲಿನಷ್ಟು ದೂರದಲ್ಲಿ.

ಈ ಹಾದಿ ಯಾವ ದಿಕ್ಕಿಗೆ ಹೋಗುತ್ತದೆ? ಶಾಲೆಯ ಗೋಡೆಯ ಮೇಲಿನ ನಕಾಶೆಯನ್ನು ನೋಡಿದವರು ಪಶ್ಚಿಮಕ್ಕೆ ಎನ್ನುವರು. ಅರಬ್ಬೀ ಸಮುದ್ರ, ಯುರೋಪು, ಅಟ್ಲಾಂಟಿಕ್ ದಾಟಿದರೆ ಅಮೆರಿಕೆ. ಮತ್ತೆ ಕೆಲವರು ಪೂರ್ವಕ್ಕೆ, ಜಪಾನಿನ ಮೇಲೆ ಎನ್ನುವರು. ಆದರೆ ಅತಿ ಹತ್ತಿರದ ದಾರಿ ಇರುವುದು ಬಹುಮಟ್ಟಿಗೆ ಉತ್ತರಕ್ಕೆ! ಮಕ್ಕಳ ಓದುವ ಮೇಜಿನ ಮೇಲೆ ಒಂದು ಭೂಗೋಲವಿದ್ದರೆ ಈ ಪ್ರಯೋಗವನ್ನು ಮಾಡಿ ನೋಡಿರಿ. ಒಂದು ದಾರವನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲಿಟ್ಟು, ಸಡಿಲವಿಲ್ಲದಂತೆ ಎಳೆಯಿರಿ. ದಾರವು ತಾನಾಗಿಯೇ ಜಾರಿ ನೇಪಾಳ, ಟಿಬೆಟ್, ಚೀನಾ, ಮಂಗೋಲಿಯಾಗಳನ್ನು ಹಾಯ್ದು, ಸೈಬೀರಿಯದ ಮೇಲೇರಿ, ಆರ್ಕ್ಟಿಕ್ ಸಮುದ್ರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಅದರ ಅತಿ ಉತ್ತರದ ಬಿಂದು ಸುಮಾರು 71 ಡಿಗ್ರಿ ಅಕ್ಷಾಂಶದಲ್ಲಿದೆ. ಗೋಲದ ಮೇಲೆ ಎಳೆದ ಇಂಥ ನೇರ ದಾರಿಯನ್ನು ಮಹಾವೃತ್ತದ ದಾರಿ ಎನ್ನುವರು.

ನಕಾಶೆ ನಮ್ಮ ಕಣ್ಣನ್ನು ಮೋಸಗೊಳಿಸಲು ಕಾರಣವುಂಟು. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹಾಸುವುದೆಂದರೆ ಮೋಸಂಬಿಯ ಸಿಪ್ಪೆಯನ್ನು ಹಲಗೆಯ ಮೇಲೆ ಹರಡಿದಂತೆ. ಎಲ್ಲಿಯಾದರೂ ಹರಿಯಬೇಕು, ಇಲ್ಲವೆ ಹಿಗ್ಗಬೇಕು. 1569ರಲ್ಲಿ ಮರ್ಕೇಟರ್ ಎಂಬ ನಕಾಶೆಕಾರನು ಹಡಗಿನವರ ಅನುಕೂಲಕ್ಕಾಗಿ ರಚಿಸಿದ ನಕಾಶೆಯಲ್ಲಿ ಉತ್ತರದ ನಾಡುಗಳು ಬಹಳವಾಗಿ ಹಿಗ್ಗಿವೆ. ಅದರಲ್ಲಿ ಗ್ರೀನ್‌ಲ್ಯಾಂಡ್ ದ್ವೀಪವು ಆಫ್ರಿಕಾ ಖಂಡದಷ್ಟೇ ಕಾಣುವುದು. ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಉತ್ತರವು ಹೀಗೆ ಹಿಗ್ಗಿರುವುದರಿಂದಲೇ ಆ ಕಡೆಯ ದಾರಿ ಬಲು ಸುತ್ತಿನದೆಂದು ನಮಗೆ ತೋರುತ್ತದೆ.

ಇದರಿಂದ ಒಂದು ವಿಚಿತ್ರ ಫಲಿತ ಹೊರಡುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಎಷ್ಟು ಸುತ್ತಾಗಬಹುದು? ದೆಹಲಿಗೆ ಸುಮಾರು 1,700 ಕಿಲೋಮೀಟರ್, ಅಲ್ಲಿಂದ ಮುಂದಕ್ಕೆ ಸುಮಾರು 12,400. ಎರಡೂ ಕೂಡಿದರೆ ಸುಮಾರು 14,100. ಅಂದರೆ ದೆಹಲಿಯನ್ನು ಮುಟ್ಟಿ ಹೋದರೂ ನೂರು ಕಿಲೋಮೀಟರಿನಷ್ಟೇ ಹೆಚ್ಚು! ದೆಹಲಿಯು ಬಹುಮಟ್ಟಿಗೆ ದಾರಿಯಲ್ಲಿಯೇ ಇದೆ. ಅದೇ ದುಬೈ ಮುಟ್ಟಿ ಹೋದರೆ ಒಟ್ಟು ಸುಮಾರು 15,700, ಜರ್ಮನಿಯ ಫ್ರಾಂಕ್‌ಫರ್ಟ್ ಮುಟ್ಟಿ ಹೋದರೆ ಸುಮಾರು 16,550, ಸಿಂಗಪುರ ಮುಟ್ಟಿ ಹೋದರೆ ಸುಮಾರು 16,750 ಕಿಲೋಮೀಟರ್ ಆಗುತ್ತದೆ. ಇವೆಲ್ಲವೂ ನೆಲದ ಮೇಲಿನ ಗಣಿತದ ಅಳತೆಗಳು. ವಿಮಾನವು ನಿಜವಾಗಿ ಹಾರುವ ದಾರಿ ಇದಕ್ಕಿಂತ ತುಸು ಹೆಚ್ಚೇ ಇರುವುದು. ಉದಾಹರಣೆಗೆ, ಟಿಬೆಟ್ಟಿನ ಎತ್ತರದ ಪ್ರಸ್ಥಭೂಮಿಯ ಮೇಲೆ ಹಾರುವುದನ್ನು ವಿಮಾನಗಳು ಸಾಮಾನ್ಯವಾಗಿ ತಪ್ಪಿಸುತ್ತವೆ. ಅಪಾಯದ ವೇಳೆಯಲ್ಲಿ ಉಸಿರಾಡಬಲ್ಲ ಎತ್ತರಕ್ಕೆ ಇಳಿಯೋಣವೆಂದರೆ ಅಲ್ಲಿ ನೆಲವೇ ಅಡ್ಡ ಬರುತ್ತದೆ.

ಗಡಿಯಾರದ ಲೆಕ್ಕ

ಇನ್ನು ಟಿಕೆಟ್ಟಿನ ಹತ್ತೂವರೆ ಗಂಟೆಯ ಒಗಟು. ಭೂಮಿಯು ಒಂದು ಗಂಟೆಗೆ 15 ಡಿಗ್ರಿಯಷ್ಟು ತಿರುಗುತ್ತದೆ. ನಮ್ಮ ದೇಶದ ಗಡಿಯಾರವು ಪೂರ್ವದ 82.5 ಡಿಗ್ರಿ ರೇಖಾಂಶವನ್ನು ಹಿಡಿದು ನಡೆಯುವುದು. ಕ್ಯಾಲಿಫೋರ್ನಿಯಾದ ಗಡಿಯಾರವು ಪಶ್ಚಿಮದ 120 ಡಿಗ್ರಿಯನ್ನು ಹಿಡಿದಿದೆ. ಎರಡರ ಅಂತರ 202.5 ಡಿಗ್ರಿ. ಅದನ್ನು 15ರಿಂದ ಭಾಗಿಸಿದರೆ ಹದಿಮೂರೂವರೆ ಗಂಟೆ ಬರುತ್ತದೆ. ಇಷ್ಟು ಹೊತ್ತು ನಾವು ಅವರಿಗಿಂತ ಮುಂದಿದ್ದೇವೆ. ಬೇಸಿಗೆಯಲ್ಲಿ, ಅಂದರೆ ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ತಿಂಗಳ ಮೊದಲನೆಯ ಭಾನುವಾರದವರೆಗೆ, ಅವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರವು ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಇಲ್ಲಿ ಹಗಲಾದರೆ ಅಲ್ಲಿ ಇರುಳು ಎಂಬುದು ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟನು ಭೂಮಿಯನ್ನು ಗೋಲವೆಂದೇ ಎಣಿಸಿ, ಅದರ ಸುತ್ತ ಕಾಲುಭಾಗ ಕಾಲುಭಾಗ ದೂರದಲ್ಲಿ ನಾಲ್ಕು ನಗರಗಳನ್ನು ಕಲ್ಪಿಸಿ, ಲಂಕೆಯಲ್ಲಿ ಸೂರ್ಯ ಹುಟ್ಟುವಾಗ ಸಿದ್ಧಪುರದಲ್ಲಿ ಮುಳುಗುವನೆಂದೂ, ಯವಕೋಟಿಯಲ್ಲಿ ಆಗ ಮಧ್ಯಾಹ್ನವೆಂದೂ, ರೋಮಕದಲ್ಲಿ ನಡುರಾತ್ರಿಯೆಂದೂ ಲೆಕ್ಕ ಹಾಕಿಟ್ಟನು. ಅವು ಗಣಿತಕ್ಕಾಗಿ ಇಟ್ಟ ಹೆಸರುಗಳು. ಅವುಗಳಲ್ಲಿ ಇಂದಿನ ಅಮೆರಿಕೆಯನ್ನು ಹುಡುಕುವ ಅಗತ್ಯವಿಲ್ಲ. ಆದರೆ ತತ್ತ್ವ ಅದೇ. ಆ ತತ್ತ್ವವೇ ಈಗ ನಿಮ್ಮ ಟಿಕೆಟ್ಟಿನ ಮೇಲೆ ಕುಳಿತಿದೆ.

ಲೆಕ್ಕ ಮಾಡುವ ಬಗೆ ಸುಲಭ. ಬೆಂಗಳೂರಿನಲ್ಲಿ ಬೆಳಗಿನ ಜಾವ 3 ಗಂಟೆಯೆಂದರೆ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದಲ್ಲಿ ಹಿಂದಿನ ದಿನದ ಮಧ್ಯಾಹ್ನ 1-30. ನೀವು ತಲುಪುವುದು ಮರುದಿನದ 1-30ಕ್ಕೆ. ಅಲ್ಲಿಗೆ ಸರಿಯಾಗಿ ಇಪ್ಪತ್ನಾಲ್ಕು ಗಂಟೆ. ನೆರೆಯವರ ಮಾತು ಹೀಗೆ ನಿಜವಾಯಿತು. ಟಿಕೆಟ್ಟಿನಲ್ಲಿ ಅಚ್ಚಾದ ಹೊತ್ತೆಲ್ಲವೂ ಆಯಾ ಊರಿನ ಹೊತ್ತು ಎಂಬ ಒಂದೇ ಮಾತನ್ನು ನೆನಪಿಟ್ಟರೆ ಸಾಕು. ಹೋಗುವಾಗ ಹದಿಮೂರೂವರೆಯನ್ನು ಕೂಡಿಸಿಕೊಳ್ಳಬೇಕು, ಬರುವಾಗ ಕಳೆಯಬೇಕು.

ಬರುವಾಗಿನ ಲೆಕ್ಕಕ್ಕೆ ಒಂದು ಐತಿಹಾಸಿಕ ಪಯಣವನ್ನೇ ಉದಾಹರಣೆಯಾಗಿ ಕೊಡಬಹುದು. ಈ ಎರಡು ನಿಲ್ದಾಣಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ಏರ್ ಇಂಡಿಯಾದ ಸೇವೆಯು 2021ರ ಜನವರಿಯಲ್ಲಿ ಆರಂಭವಾಯಿತು. ಮೊದಲನೆಯ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ದಾರಿಯಿಂದ ನಡೆಸಿಕೊಂಡು ಬಂದರು. ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಆ ವಿಮಾನವು ಬೆಂಗಳೂರಿಗೆ ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಭಾನುವಾರವೆಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ. ಅವರು ಅಲ್ಲಿ ರಾತ್ರಿ ಎಂಟೂವರೆಗೆ ಹೊರಟಾಗ ನಮ್ಮಲ್ಲಿ ಆಗಲೇ ಭಾನುವಾರ ಬೆಳಗಿನ ಹತ್ತು ಗಂಟೆ. ಅಲ್ಲಿಂದ ಹದಿನೇಳು ಗಂಟೆ ಹಾರಿದರೆ ಸೋಮವಾರದ ಮೂರು ಗಂಟೆ. ಹೋಗುವಾಗ ಗಡಿಯಾರ ಕೊಟ್ಟಂತೆ ಕಂಡದ್ದನ್ನು ಬರುವಾಗ ಅಷ್ಟಕ್ಕಷ್ಟೇ ಹಿಂದಕ್ಕೆ ಪಡೆಯುತ್ತದೆ. ಯುರೋಪಿನ ದಾರಿ ಹಿಡಿಯಲಿ, ಧ್ರುವದ ದಾರಿ ಹಿಡಿಯಲಿ, ಶಾಂತಸಾಗರವನ್ನೇ ದಾಟಲಿ, ಹಾರಿದ ಗಂಟೆಗಳು ಸಮವಾಗಿದ್ದರೆ ತಲುಪುವ ವಾರವೂ ತಾರೀಖೂ ಒಂದೇ.

ಗಾಳಿಯ ಲೆಕ್ಕ

ದೂರ ತಿಳಿಯಿತು. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಹದಿನಾಲ್ಕು ಸಾವಿರವನ್ನು ಒಂಬೈನೂರರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಹಾಗಾದರೆ ಒಮ್ಮೆ ಹದಿನಾರು, ಒಮ್ಮೆ ಹದಿನೇಳು, ಒಮ್ಮೆ ಅದಕ್ಕೂ ಹೆಚ್ಚು ಎಂದೇಕೆ ಹೇಳುತ್ತಾರೆ? ಏರುವುದಕ್ಕೆ, ಇಳಿಯುವುದಕ್ಕೆ, ನೆಲದ ಮೇಲೆ ಓಡುವುದಕ್ಕೆ ಸ್ವಲ್ಪ ಹೊತ್ತು ಬೇಕೆಂಬುದು ನಿಜ. ಆದರೆ ಮುಖ್ಯ ಕಾರಣ ಗಾಳಿ.

ಬಯಲುಸೀಮೆಯ ರಸ್ತೆಯಲ್ಲಿ ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ನಡು ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ದೊಡ್ಡ ಹೊಳೆಗಳು ಹರಿಯುತ್ತಿರುತ್ತವೆ. ಇವುಗಳನ್ನು ಜೆಟ್ ಸ್ಟ್ರೀಮ್ ಎನ್ನುವರು. ಚಳಿಗಾಲದಲ್ಲಿ ಇವುಗಳ ರಭಸ ಹೆಚ್ಚು. ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರನ್ನೂ ಮೀರುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. ದಾರಿಯುದ್ದಕ್ಕೂ ಸರಾಸರಿ 100 ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೆ ವಿಮಾನವು ನೆಲದ ಲೆಕ್ಕದಲ್ಲಿ ಗಂಟೆಗೆ 1,000 ಕಿಲೋಮೀಟರ್ ಸಾಗುತ್ತದೆ. ಹದಿನಾಲ್ಕು ಸಾವಿರಕ್ಕೆ ಹದಿನಾಲ್ಕು ಗಂಟೆ. ಅದೇ ಗಾಳಿ ಎದುರಾದರೆ ವೇಗ 800ಕ್ಕೆ ಇಳಿದು ಹದಿನೇಳೂವರೆ ಗಂಟೆ ಹಿಡಿಯುತ್ತದೆ. ದೂರ ಒಂದೇ, ವಿಮಾನ ಒಂದೇ. ಗಾಳಿಯೊಂದರಿಂದಲೇ ಮೂರೂವರೆ ಗಂಟೆಯ ವ್ಯತ್ಯಾಸ!

ಆದುದರಿಂದ ವಿಮಾನದ ದಾರಿಯನ್ನು ಗೊತ್ತುಮಾಡುವವರು ಪ್ರತಿದಿನವೂ ಗಾಳಿಯನ್ನು ನೋಡಿ ದಾರಿಯನ್ನು ಆರಿಸುತ್ತಾರೆ. ಹತ್ತಿರದ ದಾರಿಯೇ ಬೇಗನೆ ಮುಟ್ಟಿಸುವ ದಾರಿಯಾಗಿರಬೇಕೆಂಬ ನಿಯಮವಿಲ್ಲ. ಇದಕ್ಕೆ 2016ರ ಅಕ್ಟೋಬರ್ ತಿಂಗಳಿನ ಉದಾಹರಣೆ ಬಹಳ ಸೊಗಸಾಗಿದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಸಾಗರದ ಮೇಲಿಂದ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನವು ಆಗ ಮೊದಲ ಬಾರಿಗೆ ಪೂರ್ವಕ್ಕೆ ತಿರುಗಿ ಶಾಂತಸಾಗರದ ಮೇಲಿಂದ ಹೋಯಿತು. ಹಾದಿ ಸುಮಾರು 1,400 ಕಿಲೋಮೀಟರ್ ಹೆಚ್ಚಾಗಿ 15,300 ಕಿಲೋಮೀಟರ್ ಆಯಿತು. ಆದರೂ ಪಯಣವು ಸುಮಾರು ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ಗಾಳಿ ಬೆನ್ನಿಗಿತ್ತು. ಹೆಚ್ಚು ನಡೆದು ಬೇಗ ಮುಟ್ಟಿದಂತಾಯಿತು.

ಇಷ್ಟು ದೂರವನ್ನು ಒಂದೇ ಹಾರಿಕೆಯಲ್ಲಿ ದಾಟುವುದು ಎಲ್ಲ ವಿಮಾನಗಳಿಂದಲೂ ಆಗದು. 2021ರಲ್ಲಿ ಬಂದ ಬೋಯಿಂಗ್ 777-200 ಎಲ್‌ಆರ್ ಎಂಬ ಜಾತಿಯ ವಿಮಾನದ ಟ್ಯಾಂಕಿಗಳು 1,80,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತವೆ. ಮುಂದಿನ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಮೊದಲಿನ ಗಂಟೆಗಳಲ್ಲಿ ಬಹಳಷ್ಟು ಇಂಧನ ಉರಿಯಬೇಕು; ದೂರದ ಜಾತ್ರೆಗೆ ಹೊರಟ ಎತ್ತು ತನ್ನ ಮೇವನ್ನು ತಾನೇ ಎಳೆಯುವಂತೆ. ನಡುವೆ ಇಳಿಯದ ಇಂಥ ಸೇವೆಗಳು ದುಬಾರಿಯಾಗಿರುವುದಕ್ಕೂ, ಕಾಲಕಾಲಕ್ಕೆ ಆರಂಭವಾಗಿ ನಿಲ್ಲುವುದಕ್ಕೂ ಇದು ಒಂದು ಕಾರಣ. ಟಿಕೆಟ್ ತೆಗೆಯುವ ದಿನವೇ ಯಾವ ಸೇವೆ ನಡೆಯುತ್ತಿದೆ ಎಂದು ವಿಚಾರಿಸಿಕೊಳ್ಳತಕ್ಕದ್ದು.

ಆಕಾಶಕ್ಕೂ ಬೇಲಿಯುಂಟು

ಆಕಾಶಕ್ಕೆ ಗಡಿಯಿಲ್ಲವೆಂದು ಕವಿಗಳು ಹೇಳಬಹುದು. ವಿಮಾನ ನಡೆಸುವವರು ಹೇಳಲಾರರು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಒಡೆತನವಿದೆ. ಅಪ್ಪಣೆಯಿಲ್ಲದೆ ಅದನ್ನು ಹಾಯುವಂತಿಲ್ಲ. 2022ರಲ್ಲಿ ರಷ್ಯಾ ಮತ್ತು ಉಕ್ರೇನ್ ನಡುವೆ ಯುದ್ಧ ಆರಂಭವಾದ ಬಳಿಕ ಅಮೆರಿಕೆಯ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ನಾವು ದಾರ ಎಳೆದು ನೋಡಿದ ಹತ್ತಿರದ ದಾರಿಯ ದೊಡ್ಡ ಭಾಗ ಆ ಆಕಾಶದಲ್ಲಿಯೇ ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಟ ನಮ್ಮ ವಿಮಾನಗಳು ಸುತ್ತುದಾರಿ ಹಿಡಿಯಬೇಕಾಯಿತು. ಭೂಮಿಯ ಮೇಲೆ ಎರಡು ರಾಜ್ಯಗಳು ಮುನಿದರೆ ಮೊಮ್ಮಗನನ್ನು ನೋಡಲು ಹೊರಟ ಅಜ್ಜಿಯ ಪಯಣ ಉದ್ದವಾಗುವ ಕಾಲವಿದು.

ಈ ದಾರಿಯ ಏಕಾಂತ ಎಂಥದೆಂಬುದನ್ನೂ ಅರಿತಿರಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನಿನ ತೊಂದರೆಯಿಂದಾಗಿ ರಷ್ಯಾದ ಪೂರ್ವದ ಅಂಚಿನಲ್ಲಿರುವ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಅದರಲ್ಲಿ 216 ಪ್ರಯಾಣಿಕರೂ 16 ಮಂದಿ ಸಿಬ್ಬಂದಿಯೂ ಇದ್ದರು. ಎಲ್ಲರೂ ಸುರಕ್ಷಿತರಾಗಿದ್ದರು. ಆದರೆ ಅವರನ್ನು ಕರೆದೊಯ್ಯಲು ಭಾರತದಿಂದ ಬೇರೊಂದು ವಿಮಾನ ಅಲ್ಲಿಗೆ ಹೋಗಬೇಕಾಯಿತು. ಅವರು ಸ್ಯಾನ್ ಫ್ರಾನ್ಸಿಸ್ಕೋ ಸೇರಿದ್ದು ಜೂನ್ 8ರಂದು. ಇಂಥ ಪ್ರಸಂಗ ಅಪರೂಪ, ಹೆದರಬೇಕಾದದ್ದಿಲ್ಲ. ಆದರೆ ಎರಡು ದಿನಕ್ಕೆ ಸಾಕಾಗುವಷ್ಟು ಮಾತ್ರೆಗಳು, ಒಂದು ಜೊತೆ ಬಟ್ಟೆ, ಮಗಳ ಮನೆಯ ವಿಳಾಸ ಮತ್ತು ದೂರವಾಣಿ ಸಂಖ್ಯೆ ಬರೆದ ಕಾಗದ ಕೈಚೀಲದಲ್ಲಿಯೇ ಇರಬೇಕು, ಸರಕಿನ ಪೆಟ್ಟಿಗೆಯಲ್ಲಲ್ಲ ಎಂಬ ಬುದ್ಧಿಯನ್ನು ಇದರಿಂದ ಕಲಿಯಬಹುದು.

ಮನೆಯಿಂದ ಮನೆಗೆ

ವಿಮಾನ ಹಾರುವ ಕಾಲವೇ ಪಯಣದ ಕಾಲವೆಂದು ಎಣಿಸುವುದು ನಮ್ಮಲ್ಲಿ ಸಾಮಾನ್ಯ. ಗದಗಿನಿಂದ ದೇವನಹಳ್ಳಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ರಸ್ತೆಯಲ್ಲಿ ಎಂಟು ಗಂಟೆ ಹಿಡಿಯಿರಿ. ನಿಲ್ದಾಣದಲ್ಲಿ ಮೂರು, ನಾಲ್ಕು ಗಂಟೆ ಮೊದಲೇ ಇರಬೇಕು. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಪೆಟ್ಟಿಗೆಗಾಗಿ ಕಾಯುವುದು, ಮಗಳ ಮನೆಗೆ ಕಾರಿನ ಪಯಣ, ಇದಕ್ಕೆಲ್ಲ ಮತ್ತೆ ಮೂರು ಗಂಟೆ. ಇಪ್ಪತ್ನಾಲ್ಕು ಗಂಟೆಯ ಟಿಕೆಟ್ಟು ಮನೆಯ ಹೊಸ್ತಿಲಿನಿಂದ ಹೊಸ್ತಿಲಿಗೆ ಸುಮಾರು ಮೂವತ್ತೊಂಬತ್ತು ಗಂಟೆಯಾಗುತ್ತದೆ. ಅರುವತ್ತು ದಾಟಿದ ದೇಹಕ್ಕೆ ಇದು ಚಿಕ್ಕ ಶ್ರಮವಲ್ಲ.

ಆದುದರಿಂದ ಕೆಲವು ಸೂಚನೆಗಳು. ನಡುವೆ ಇಳಿಯುವ ಊರಿನಲ್ಲಿ ಒಂದು ಗಂಟೆಯ ಬಿಡುವು ಸಾಲದು, ಮೂರು ಗಂಟೆಯಾದರೂ ಇರುವಂತೆ ಟಿಕೆಟ್ ತೆಗೆಯಿರಿ. ಭಾಷೆಯ ಅಂಜಿಕೆಯಿದ್ದರೆ ಗಾಲಿಕುರ್ಚಿಯ ನೆರವನ್ನು ಟಿಕೆಟ್ ತೆಗೆಯುವಾಗಲೇ ಕೇಳಿರಿ. ಅದನ್ನು ತಳ್ಳುವವರು ಬಾಗಿಲಿನಿಂದ ಬಾಗಿಲಿಗೆ ಮುಟ್ಟಿಸುತ್ತಾರೆ. ಊಟದ ವಿಷಯದಲ್ಲಿ ಎಚ್ಚರವಿರಲಿ. ಕೆಲವು ವಿಮಾನ ಸಂಸ್ಥೆಗಳಲ್ಲಿ 'ಹಿಂದೂ ಊಟ' ಎಂದರೆ ಮಾಂಸವೂ ಇರಬಹುದು. 'ಏಷ್ಯನ್ ವೆಜಿಟೇರಿಯನ್' ಎಂದು ಹೆಸರಿಸಿ, ಕಡಿಮೆಯೆಂದರೆ ಎರಡು ದಿನ ಮೊದಲೇ ಹೇಳಿರಬೇಕು. ವಿಮಾನದೊಳಗಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಂತಿರುತ್ತದೆ; ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಒಂದು ಹಗಲಿರುಳು ಕುಳಿತಂತೆ. ತೇವಾಂಶವೂ ಬಹಳ ಕಡಿಮೆ. ಆಗಾಗ ನೀರು ಕುಡಿಯಬೇಕು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಬಹಳ ಹೊತ್ತು ಕಾಲು ಜೋತುಬಿಟ್ಟು ಕುಳಿತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಯಾವ ಊರಿನ ಗಡಿಯಾರದಂತೆ ಔಷಧ ತೆಗೆದುಕೊಳ್ಳಬೇಕೆಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳತಕ್ಕದ್ದು.

ಕಾಯುವವರ ಲೆಕ್ಕ

ಇಷ್ಟು ಹೊತ್ತು ಸಂತೋಷದ ಪಯಣವನ್ನು ಕುರಿತು ಹೇಳಿದ್ದಾಯಿತು. ಈ ಹದಿನಾಲ್ಕು ಸಾವಿರ ಕಿಲೋಮೀಟರ್ ನಮ್ಮ ಮನೆಗಳಲ್ಲಿ ಅತಿ ಭಾರವಾಗುವುದು ಮತ್ತೊಂದು ಗಳಿಗೆಯಲ್ಲಿ. ಹಿರಿಯರೊಬ್ಬರು ತೀರಿಕೊಂಡಾಗ ಅಂಗಳದಲ್ಲಿ ಕೂಡಿದ ಬಂಧುಗಳು ಕೇಳುವ ಮೊದಲ ಪ್ರಶ್ನೆ: "ಮಗ ಬರುವವರೆಗೆ ಇಡುವುದೋ, ಬಿಡುವುದೋ?" ಆ ಹೊತ್ತಿನಲ್ಲಿ ಒಬ್ಬರು ಹದಿನಾರು ಗಂಟೆಯಲ್ಲಿ ಬರುತ್ತಾನೆ ಎನ್ನುವರು, ಇನ್ನೊಬ್ಬರು ಮೂರು ದಿನವಾದೀತು ಎನ್ನುವರು. ಜಗಳ ಹುಟ್ಟುತ್ತದೆ. ಆ ಜಗಳದ ಕಹಿ ವರ್ಷಗಟ್ಟಲೆ ಉಳಿದ ಮನೆಗಳನ್ನು ನಾನು ಬಲ್ಲೆ.

ಆದುದರಿಂದ ಶಾಂತವಾಗಿರುವಾಗಲೇ ಲೆಕ್ಕ ಮಾಡೋಣ. ಚಳಿಗಾಲದ ಒಂದು ರಾತ್ರಿ 10 ಗಂಟೆಗೆ ಇಲ್ಲಿ ಜೀವ ಹೋಯಿತೆನ್ನಿರಿ. ಅಲ್ಲಿ ಆಗ ಅದೇ ದಿನ ಬೆಳಿಗ್ಗೆ 8-30. ಮಗನು ಟಿಕೆಟ್ ಹುಡುಕಿ, ಕಚೇರಿಗೆ ತಿಳಿಸಿ, ನಿಲ್ದಾಣ ಸೇರಿ, ರಾತ್ರಿ 8-30ರ ವಿಮಾನ ಹತ್ತಿದರೆ ಅದೇ ಭಾಗ್ಯ. ನಮ್ಮ ಗಡಿಯಾರದಲ್ಲಿ ಆಗ ಮರುದಿನ ಬೆಳಿಗ್ಗೆ 10. ನೇರ ವಿಮಾನವಿದ್ದು ಹದಿನೇಳು ಗಂಟೆ ಹಾರಿದರೂ ಬೆಂಗಳೂರಿಗೆ ಮೂರನೆಯ ದಿನ ಬೆಳಗಿನ ಜಾವ 3 ಗಂಟೆ. ಹೊರಬಂದು, ಕಾರು ಹಿಡಿದು, ಗದಗಿನ ಹತ್ತಿರದ ಹಳ್ಳಿ ಸೇರುವುದು ಮಧ್ಯಾಹ್ನ 12ಕ್ಕೆ. ಒಟ್ಟು ಮೂವತ್ತೆಂಟು ಗಂಟೆ. ನಡುವೆ ಇಳಿದು ಬರುವ ವಿಮಾನವಾದರೆ ನಲವತ್ತೈದು ಗಂಟೆ. ಹುಬ್ಬಳ್ಳಿಗೆ ವಿಮಾನ ಸಿಕ್ಕಿದರೆ ಎರಡು ಮೂರು ಗಂಟೆ ಉಳಿದೀತು. ಟಿಕೆಟ್ಟೇ ಸಿಗದಿದ್ದರೆ ಇನ್ನೊಂದು ದಿನ ಹೋದೀತು. ಎಲ್ಲವೂ ಕೂಡಿಬಂದರೂ ಒಂದೂವರೆ ದಿನಕ್ಕಿಂತ ಮೊದಲು ಮಗನ ಮುಖ ಕಾಣುವುದು ಸಾಧ್ಯವಿಲ್ಲ. ಹಣ ಸುರಿದರೂ, ಪ್ರೀತಿ ಎಷ್ಟಿದ್ದರೂ ಭೂಮಿ ಕಿರಿದಾಗುವುದಿಲ್ಲ.

ಇನ್ನೊಂದು ಮಾತು. ಬರಲಾರದ ಮಗನೆಲ್ಲ ಕಲ್ಲುಹೃದಯದವನಲ್ಲ. ಕೆಲಸದ ವೀಸಾದ ಮೇಲೆ ಇರುವವರ ಪಾಸ್‌ಪೋರ್ಟಿನಲ್ಲಿ ವೀಸಾದ ಮುದ್ರೆಯ ಅವಧಿ ಮುಗಿದಿದ್ದರೆ, ಇಲ್ಲಿಗೆ ಬಂದ ಮೇಲೆ ಹೊಸ ಮುದ್ರೆ ಸಿಗುವವರೆಗೆ ಹಿಂದಿರುಗುವಂತಿಲ್ಲ. ಅಲ್ಲಿ ಹೆಂಡತಿ ಮಕ್ಕಳಿರುವವರಿಗೆ ಇದು ಇಬ್ಬಾಯಿಯ ಕತ್ತಿ. ಅಮೆರಿಕೆಯ ಪೌರತ್ವ ಪಡೆದವರು ಓಸಿಐ ಕಾರ್ಡನ್ನಾಗಲಿ ಭಾರತದ ವೀಸಾವನ್ನಾಗಲಿ ಹೊಂದಿಲ್ಲದಿದ್ದರೆ ವಿಮಾನವನ್ನೇ ಹತ್ತಲಾರರು. ಮನೆಯಲ್ಲಿ ವೃದ್ಧರಿರುವ ಮಕ್ಕಳು ಈ ಕಾಗದಪತ್ರಗಳನ್ನು ಸದಾ ಸಿದ್ಧವಾಗಿಟ್ಟುಕೊಳ್ಳುವುದೂ ಒಂದು ಬಗೆಯ ಸೇವೆಯೇ ಸರಿ.

ಹಾಗಾದರೆ ಕಾಯಬೇಕೋ ಬೇಡವೋ? ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಫ್ರೀಜರ್ ಪೆಟ್ಟಿಗೆ ಈಗ ತಾಲ್ಲೂಕಿನ ಊರುಗಳಲ್ಲಿಯೂ ದೊರೆಯುತ್ತದೆ. ಆದುದರಿಂದ ಎರಡು ದಿನ ಕಾಯುವುದು ಅಸಾಧ್ಯವೇನಲ್ಲ. ಹಾಗೆಂದು ಮನೆಯಲ್ಲಿರುವ ಮುದುಕಿ ತಾಯಿಯನ್ನು ಎರಡು ಹಗಲು ಎರಡು ರಾತ್ರಿ ಪೆಟ್ಟಿಗೆಯ ಪಕ್ಕದಲ್ಲಿ ಕೂಡಿಸುವುದು ಎಲ್ಲರಿಗೂ ತಾಳುವ ಮಾತೂ ಅಲ್ಲ. ನನ್ನ ಅಭಿಪ್ರಾಯವಿಷ್ಟೆ. ಈ ನಿರ್ಣಯವನ್ನು ದುಃಖದಲ್ಲಿ ಮುಳುಗಿದವರ ತಲೆಗೆ ಕಟ್ಟಬಾರದು. ಹಿರಿಯರೇ ತಾವು ಗಟ್ಟಿಯಾಗಿರುವಾಗ, ಮಕ್ಕಳೆಲ್ಲರ ಎದುರಿಗೆ, "ನನಗಾಗಿ ಕಾಯಿರಿ" ಎಂದೋ "ಕಾಯಬೇಡಿರಿ" ಎಂದೋ ಬಾಯಿಬಿಟ್ಟು ಹೇಳಿಬಿಡಬೇಕು. ಅದು ಅಪಶಕುನದ ಮಾತಲ್ಲ. ಹಾಗೆ ಹೇಳಿದ ತಂದೆಯು ಮಕ್ಕಳನ್ನು ಅಪವಾದದಿಂದ ಉಳಿಸುತ್ತಾನೆ: ಇಲ್ಲಿರುವವನು ಅವಸರ ಮಾಡಿದನೆಂಬ ಅಪವಾದದಿಂದ ಇವನನ್ನೂ, ದೂರ ಇರುವವನು ಬರಲಿಲ್ಲವೆಂಬ ಅಪವಾದದಿಂದ ಅವನನ್ನೂ.

ದೂರದ ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿ ಅಮೆರಿಕ ಖಂಡದ ವ್ಯಾಂಕೂವರ್ ತಲುಪಿದ್ದು ಜುಲೈ 25ರಂದು. ಸುಮಾರು ಎಂಟು ವಾರ. ಆ ಕಾಲದಲ್ಲಿ ಕಡಲು ದಾಟಿದವನು ಹಿರಿಯರ ಕೊನೆಗಾಲಕ್ಕೆ ಒದಗುವ ಆಸೆಯನ್ನು ಬಂದರಿನಲ್ಲಿಯೇ ಬಿಟ್ಟು ಹೋಗುತ್ತಿದ್ದನು. ಎಂಟು ವಾರವು ಈಗ ಒಂದೂವರೆ ದಿನವಾಗಿದೆ. ಇದು ದೊಡ್ಡ ಸೌಭಾಗ್ಯ. ಆದರೆ ಈ ಸೌಭಾಗ್ಯವೇ ನಮ್ಮನ್ನು ಮೈಮರೆಸಿದೆ. ಕರೆದಾಗ ಹೋದರಾಯಿತು, ಒಂದು ದಿನದ ಹಾದಿ ತಾನೆ ಎಂಬ ಧೈರ್ಯ ಬಂದುಬಿಟ್ಟಿದೆ. ಕರೆ ಬರುವ ಹೊತ್ತಿಗೆ ಆ ಒಂದೂವರೆ ದಿನವೇ ಸಾಲದಾಗುತ್ತದೆ. ತಂದೆಗೆ ಮಾತು ನಿಂತಿದೆಯೆಂಬ ಸುದ್ದಿ ಬಂದ ಮೇಲೆ ಹೊರಟವನಿಗೆ ಹದಿನೇಳು ಗಂಟೆ ಆಕಾಶದಲ್ಲಿ ಕುಳಿತು ಮಾಡಬಹುದಾದದ್ದು ಏನೂ ಇರುವುದಿಲ್ಲ.

ನಮ್ಮ ಕಡೆ ಸಾವಿಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಮಣ್ಣಿಗೆ ಬರುವುದಕ್ಕಿಂತ ಮಾತಿಗೆ ಬರುವುದು ಮೇಲು. ಹಿರಿಯರು ಗುರುತು ಹಿಡಿದು, ಹೆಸರು ಹೇಳಿ, ಹತ್ತಿರ ಕೂಡಿಸಿಕೊಂಡು ಮಾತನಾಡಬಲ್ಲ ದಿನಗಳಲ್ಲಿಯೇ ಒಂದು ಟಿಕೆಟ್ಟು ತೆಗೆಯಿರಿ. ಗಡಿಯಾರದ ಅಂತರವನ್ನು ನೆನಪಿನಲ್ಲಿಟ್ಟು, ಅವರು ನಿದ್ದೆ ಮಾಡದ ಹೊತ್ತಿನಲ್ಲಿ ವಾರಕ್ಕೆರಡು ಬಾರಿ ಫೋನ್ ಮಾಡಿರಿ. ಅಲ್ಲಿಯ ರಾತ್ರಿ ಎಂಟು ಇಲ್ಲಿಯ ಬೆಳಗಿನ ಒಂಬತ್ತೂವರೆ. ಅಜ್ಜ ಉಪಾಹಾರ ಮುಗಿಸಿ ಕಟ್ಟೆಯ ಮೇಲೆ ಕುಳಿತಿರುವ ಹೊತ್ತು. ಆ ಹೊತ್ತು ಬಹಳ ಒಳ್ಳೆಯದು.